ಎವರಿಸ್ತೊನ ಸಂಬಳ, ಒಫೀಲಿಯಾಳ ಮದುವೆ ಮತ್ತು ನಿಮ್ಮ ‘ನಾಳೆ ಬಾ’

ಮಾನ್ಯರೇ (ಈ ಪತ್ರ ಮುಗಿಯುವವರೆಗಾದರೂ ಹಾಗೆಂದೇ ಇಟ್ಟುಕೊಳ್ಳೋಣ),

ಲಾಸ್ ಏಂಜಲಿಸ್‌ನಲ್ಲಿ ಕುಳಿತು ತಮ್ಮ ಪುಟ್ಟ ದೇಶದ ಮಾನ ಕಾಯುತ್ತಿರುವ ಕಾನ್ಸಲ್ ಜನರಲ್ ಅವರೇ, ನಿಮ್ಮ ದೇಶದ ಅಂತರ್ಯುದ್ಧ ಮುಗಿದು ಮೂವತ್ತು ವರ್ಷಗಳಾದರೂ ನಿಮ್ಮ ಸರ್ಕಾರ ತನ್ನ ಸಿಪಾಯಿಗಳ ಸಂಬಳ ಕೊಟ್ಟಿಲ್ಲ. ಅದರಿಂದಾಗಿ ವೆಸ್ಟ್ ಕೊವಿನಾದಲ್ಲಿ ಒಂದು ಮದುವೆ ನಿಂತುಹೋಗಿದೆ. ಯುದ್ಧ, ಶಾಂತಿ ಒಪ್ಪಂದ, ರಾಷ್ಟ್ರೀಯ ಹಿತಾಸಕ್ತಿ ಇತ್ಯಾದಿ ನಿಮಗೆ ಚೆನ್ನಾಗಿ ಗೊತ್ತಿರಬಹುದು. ನಿಂತುಹೋದ ಮದುವೆ ಎಂದರೇನು ಎಂಬುದು ನಮ್ಮಂಥ ಮೈಸೂರಿನ ಹೆಂಗಸರಿಗೆ ಗೊತ್ತು. ಅದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು ಎಂದು ಮಂಗಳೂರಿನ ನಮ್ಮ ಗೆಳತಿಯರು ಹೇಳುತ್ತಾರೆ. ನಾವು ಮೀನು ತಿನ್ನುವುದಿಲ್ಲ, ಆದರೂ ಒಪ್ಪುತ್ತೇವೆ. ಆದ್ದರಿಂದ ಪೀಠಿಕೆ ಹಾಕುವುದಿಲ್ಲ. ಸಂಬಳ ಕೊಡಿ, ಮದುವೆ ಆಗಲಿ.

ನಿಮ್ಮ ದೇಶದ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಸಂಬಳ ಕೇಳುತ್ತಿರುವವರ ಅಕ್ಕತಂಗಿಯರು, ಸೋದರಮಾವಂದಿರು ಇನ್ನೂ ಅಲ್ಲೇ ಇದ್ದಾರೆ, ಅವರಿಗೆ ತೊಂದರೆಯಾಗಬಾರದು. ನಮ್ಮ ಅಜ್ಜಿ ಜೀವಮಾನವಿಡೀ ತಾತನ ಹೆಸರು ಹೇಳದೆ ಸಂಸಾರ ಮಾಡಿದರು. “ಅವರು” ಎಂದರೆ ಸಾಕು, ಇಡೀ ಬೀದಿಗೆ ಅರ್ಥವಾಗುತ್ತಿತ್ತು. ನಿಮ್ಮ ದೇಶವನ್ನೂ ನಾನು “ಅವರು” ಎಂದೇ ಕರೆಯುತ್ತೇನೆ. ಅಜ್ಜಿಗೆ ತಾತನ ಮೇಲಿದ್ದ ಪ್ರೀತಿ ಮಾತ್ರ ಇಲ್ಲಿಲ್ಲ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ಕೇಳುವಿರಿ. ನಾವು ಮೊದಲು ಕಳಿಸಿದ ಅರ್ಜಿ ಸ್ಪ್ಯಾನಿಷ್‌ನಲ್ಲಿತ್ತು. ಅಕ್ಷರಗಳ ತಲೆಯ ಮೇಲಿರಬೇಕಾದ ಗೀಟುಗಳು ಸರಿಯಾಗಿಲ್ಲವೆಂದು ಹಿಂದಕ್ಕೆ ಬಂತು. ಎರಡನೆಯದು ಇಂಗ್ಲಿಷ್‌ನಲ್ಲಿತ್ತು. ಅದು ನಿಮ್ಮ ಆಡಳಿತ ಭಾಷೆಯಲ್ಲವೆಂದು ಹಿಂದಕ್ಕೆ ಬಂತು. ಹಾಗಾದರೆ ನಮ್ಮ ಭಾಷೆಯೇ ಆಗಲಿ. ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರದಲ್ಲಿ ತಪ್ಪು ಹುಡುಕಬೇಕೆಂದರೂ ನಿಮಗೊಬ್ಬರು ಅನುವಾದಕರು ಬೇಕು. ನಮ್ಮೂರು ಡೈಮಂಡ್ ಬಾರ್‌ನ ಯಾವುದಾದರೂ ರಸ್ತೆಯಲ್ಲಿ ನಿಂತು “ಕಾಫಿ ಆಯ್ತಾ?” ಎಂದು ಕೂಗಿ, ನಾಲ್ಕು ಕಿಟಕಿಗಳು ತೆರೆದುಕೊಳ್ಳುತ್ತವೆ. ಅದರಲ್ಲಿ ಒಂದು ನನ್ನದು. ನಾನೇ ಬಂದು ಓದಿ ಅರ್ಥ ಹೇಳುತ್ತೇನೆ. ಶುಲ್ಕವಿಲ್ಲ, ಆದರೆ ಕೆಲವು ಸಾಲುಗಳಲ್ಲಿ ಧ್ವನಿ ಏರಬಹುದು.

ನಾನು ಭಾನುಮತಿ. ಮೂವತ್ತೈದು ವರ್ಷ ಈ ಊರಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯೆಯಾಗಿದ್ದೆ. ಎಂದರೆ, ಆಪರೇಷನ್‌ಗೆ ಮುಂಚೆ ಜನರನ್ನು ಮಲಗಿಸುವುದು, ಆದಮೇಲೆ ಎಬ್ಬಿಸುವುದು ನನ್ನ ಕಸುಬು. ಸೂಜಿಯಿಲ್ಲದೆ, ಅನಿಲವಿಲ್ಲದೆ, ಮೂವತ್ತು ವರ್ಷ ಮಗ್ಗುಲೂ ಬದಲಿಸದೆ ಮಲಗಿರುವ ಕಚೇರಿಯನ್ನು ನಾನು ನೋಡಿದ್ದು ನಿಮ್ಮದೊಂದನ್ನೇ. ವೃತ್ತಿಯ ಕುತೂಹಲದಿಂದ ಕೇಳುತ್ತೇನೆ, ಯಾವ ಔಷಧ ಬಳಸುತ್ತೀರಿ?

ಈಗ ಕಥೆ. 2022ರ ನವೆಂಬರ್‌ನಲ್ಲಿ ನಮ್ಮ ಕೂಟದವರು ರಾಜ್ಯೋತ್ಸವದ ಪಿಕ್ನಿಕ್‌ಗೆಂದು ವೆಸ್ಟ್ ಕೊವಿನಾದ ಒಂದು ಪಾರ್ಕಿನಲ್ಲಿ ಚಪ್ಪರ ಬುಕ್ ಮಾಡಿದ್ದೆವು. ಅದೇ ಚಪ್ಪರವನ್ನು ಅದೇ ಹೊತ್ತಿಗೆ ಇನ್ನೊಂದು ಗುಂಪೂ ಬುಕ್ ಮಾಡಿತ್ತು. ನಾವು ಬಿಸಿಬೇಳೆಭಾತಿನ ಪಾತ್ರೆ ಇಳಿಸುತ್ತಿರುವಾಗ ಅವರು ಬಂದರು. ಹದಿನೈದು ಇಪ್ಪತ್ತು ಜನ ಗಂಡಸರು, ಅರವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಹಳೆಯ ಅಂಗಿಗಳು, ಒಬ್ಬರಿಗೆ ಊರುಗೋಲು. ಜೊತೆಗೆ ದೊಡ್ಡ ಸ್ಟೀಲ್ ಡಬರಿ ಹಿಡಿದ ಒಬ್ಬ ಹೆಂಗಸು. ಜಗಳ ಗ್ಯಾರಂಟಿ ಎಂದುಕೊಂಡೆವು. ನನ್ನ ಗಂಡ ಕೃಷ್ಣಸ್ವಾಮಿ ಬುಕಿಂಗ್ ರಸೀದಿ ಹಿಡಿದು ಮುಂದೆ ಹೋದರು. ಆದರೆ ಆ ಗಂಡಸರು ನಮ್ಮ ಕಡೆ ನೋಡುತ್ತಲೇ ಇರಲಿಲ್ಲ. ಚಪ್ಪರಕ್ಕೆ ಕಟ್ಟಿದ್ದ ಬ್ಯಾನರ್ ನೋಡುತ್ತಿದ್ದರು. ಇಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳಿಗೆ ಓದಲಾಗಲಿ ಎಂದು ನಾವು ಅದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಆಳೆತ್ತರಕ್ಕೆ ‘ಕನ್ನಡ’ ಎಂದು ಬರೆಸಿದ್ದೆವು.

ಅವರಲ್ಲೊಬ್ಬ ಮುಷ್ಟಿ ಎತ್ತಿ ಕೂಗಿದ: “ಕನ್ನಾದಾ!” ಉಳಿದವರೂ ಕೂಗಿದರು. ಇಡೀ ಪಾರ್ಕಿಗೆ ಕೇಳುವಂತೆ, ಎದೆ ತುಂಬಿ, ಮತ್ತೆ ಮತ್ತೆ ಕೂಗಿದರು. ನಮ್ಮವರು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ನಿಂತರು. ಕೃಷ್ಣಸ್ವಾಮಿಯವರ ಕಣ್ಣಲ್ಲಿ ನೀರು.

“ನೋಡು ಭಾನು, ನಮ್ಮ ಮಕ್ಕಳು ಒಂದಿನಾನಾದ್ರೂ ಹೀಗೆ ಕೂಗಿದ್ವಾ? ಯಾರೋ ಎಲ್ಲಿಯವರೋ ನಮ್ಮ ಭಾಷೇನ ಎಷ್ಟು ಪ್ರೀತಿಸ್ತಾರೆ!”

ಪ್ರೀತಿಯ ಗುಟ್ಟು ಎರಡು ತಟ್ಟೆ ಬಿಸಿಬೇಳೆಭಾತ್ ಖಾಲಿಯಾದ ಮೇಲೆ ಹೊರಬಿತ್ತು. ಮುಷ್ಟಿ ಎತ್ತಿದವನ ಹೆಸರು ರುತಿಲಿಯೊ, ಅವನಿಗೆ ಇಂಗ್ಲಿಷ್ ಬರುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಅಕಾ’ ಎಂದರೆ ಇಲ್ಲಿ, ‘ನಾದಾ’ ಎಂದರೆ ಏನೂ ಇಲ್ಲ. ನಮ್ಮ ಬ್ಯಾನರನ್ನು ಅವರು ‘ಅಕಾ ನಾದಾ’ ಎಂದು ಓದಿಕೊಂಡಿದ್ದರು. ಇಲ್ಲಿ ಏನೂ ಇಲ್ಲ, ಬರಿಗೈ, ಸೊನ್ನೆ. ಸಂಬಳ ಸಿಗದ ಮಾಜಿ ಸಿಪಾಯಿಗಳ ಸಭೆಗೆ ಯಾರೋ ಪುಣ್ಯಾತ್ಮರು ಮೊದಲೇ ಬಂದು ಇಷ್ಟು ದೊಡ್ಡ ಘೋಷಣೆ ಕಟ್ಟಿ, ಅನ್ನವನ್ನೂ ಬೇಯಿಸಿಟ್ಟಿದ್ದಾರೆ ಎಂದು ಅವರು ಭಾವಿಸಿದ್ದರು. ಎರಡು ಸಾವಿರ ವರ್ಷದ ನಮ್ಮ ಭಾಷೆಯ ಹೆಸರಿಗೆ ಇಂಥ ಅರ್ಥವೂ ಇದೆಯೆಂದು ತಿಳಿದು ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಕೃಷ್ಣಸ್ವಾಮಿ ಮಾತ್ರ ನಗಲಿಲ್ಲ. ಅವರು ಚೇತರಿಸಿಕೊಳ್ಳಲು ಒಂದು ಹೋಳಿಗೆ ಬೇಕಾಯಿತು.

ನಾನು ಕುಳಿತದ್ದು ಎವರಿಸ್ತೊನ ಪಕ್ಕದಲ್ಲಿ. ಅವನಿಗೆ ಇಂಗ್ಲಿಷ್ ಬಾರದು. ನನ್ನ ಸ್ಪ್ಯಾನಿಷ್ ಪೂರ್ತಿ ಆಪರೇಷನ್ ಥಿಯೇಟರಿನದು, ಒಟ್ಟು ನಾಲ್ಕೇ ವಾಕ್ಯ. ಮೊದಲನೆಯದನ್ನು ಕೇಳಿದೆ: “ಕೊನೆಯ ಸಲ ಊಟ ಮಾಡಿದ್ದು ಯಾವಾಗ?” ರೋಗಿಗಳನ್ನು ಸಾವಿರಾರು ಸಲ ಕೇಳಿದ ಪ್ರಶ್ನೆ. “ನಿನ್ನೆ ಬೆಳಿಗ್ಗೆ” ಎಂದ. ಆಪರೇಷನ್‌ಗೆ ಸಿದ್ಧನಾಗಿರುವವನ ಉತ್ತರ ಅದು, ಪಿಕ್ನಿಕ್‌ಗೆ ಬಂದವನದಲ್ಲ. ನನ್ನ ನಗು ಅಲ್ಲಿಗೆ ನಿಂತಿತು. ಅವನ ತಟ್ಟೆಗೆ ಮತ್ತೆ ಬಡಿಸಿದೆ. ಮಾತು ಮುಂದುವರಿಸಬೇಕಲ್ಲ, ಎರಡನೆಯ ವಾಕ್ಯ ಬಿಟ್ಟೆ: “ಹಲ್ಲು ಕಟ್ಟಿಸಿದ್ದೀರಾ?” ಪಾಪ, ಬಾಯಿ ತೆರೆದು ಎಲ್ಲ ಹಲ್ಲನ್ನೂ ತೋರಿಸಿದ. ಹಲ್ಲುಗಳು ಚೆನ್ನಾಗಿದ್ದವು. ನಮ್ಮ ಸ್ನೇಹ ಹೀಗೆ ಆರಂಭವಾಯಿತು.

ಅವನನ್ನು ನಾನು ಏಕವಚನದಲ್ಲಿ ಬರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ಅವನೂ ರುತಿಲಿಯೊನೂ ಈಗ ನನಗೆ ತಮ್ಮಂದಿರು. ಕನ್ನಡದಲ್ಲಿ ಬಹುವಚನವನ್ನು ಗೌರವಕ್ಕೂ ಬಳಸುತ್ತೇವೆ, ದೂರವಿಡುವುದಕ್ಕೂ ಬಳಸುತ್ತೇವೆ. ನಿಮಗೆ ಬಳಸಿರುವುದು ಯಾವುದೆಂದು ಊಹಿಸಿಕೊಳ್ಳಿ.

ಎವರಿಸ್ತೊ ಹದಿನೇಳನೆಯ ವಯಸ್ಸಿಗೆ ನಿಮ್ಮ ಸೈನ್ಯ ಸೇರಿದ. ಸೇರಿದ ಎನ್ನುವುದಕ್ಕಿಂತ, ಸಂತೆಗೆ ಹೋಗಿದ್ದವನನ್ನು ಲಾರಿಗೆ ಹತ್ತಿಸಿಕೊಂಡರು. ರುತಿಲಿಯೊ ಅದೇ ಊರಿನವನು, ಎದುರು ಪಕ್ಷದ ಗೆರಿಲ್ಲಾಗಳ ಜೊತೆ ಬೆಟ್ಟ ಹತ್ತಿದ. ರುತಿಲಿಯೊನ ತಂಗಿಯೇ ಡಬರಿ ಹಿಡಿದು ಬಂದಿದ್ದ ಒಫೀಲಿಯಾ. ಲಾರಿ ಹೊರಟಾಗ ಎವರಿಸ್ತೊ ಒಫೀಲಿಯಾಳಿಗೆ “ಮದುವೆಯಾಗ್ತೀಯಾ?” ಎಂದು ಕೂಗಿ ಕೇಳಿದನಂತೆ. ಅವಳು “ಸಂಬಳ ತಗೊಂಡು ಬಾ, ನೋಡೋಣ” ಎಂದು ಕೂಗಿದಳಂತೆ. ಆಗ ಅದು ತಮಾಷೆ. ಯುದ್ಧ ಮುಗಿಯಿತು, ಒಪ್ಪಂದವಾಯಿತು, ಎರಡೂ ಕಡೆಯವರು ಬಂದೂಕು ಒಪ್ಪಿಸಿದರು. ಸಿಪಾಯಿಗಳಿಗೆ ನಿಂತುಹೋಗಿದ್ದ ಸಂಬಳ, ಗೆರಿಲ್ಲಾಗಳಿಗೆ ಹೊಸ ಬದುಕಿನ ಭತ್ಯೆ ಎಂದು “ಅವರು” ರೇಡಿಯೊದಲ್ಲಿ ಸಾರಿದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಇಬ್ಬರಿಗೂ ಏನೂ ಬರಲಿಲ್ಲ. ಶಾಂತಿ ಒಪ್ಪಂದದಿಂದ ಒಂದಾಗದವರನ್ನು ನಿಮ್ಮ ಬಾಕಿ ಒಂದು ಮಾಡಿತು, ಪಾರ್ಕಿಗೆ ಬಂದ ಗುಂಪಿನಲ್ಲಿ ಎರಡೂ ಕಡೆಯವರಿದ್ದರು. ಅದಕ್ಕಾಗಿ ನಿಮಗೊಂದು ಪ್ರಶಸ್ತಿ ಕೊಡಬೇಕು, ಹಾರ ನಮ್ಮ ಕೂಟದ್ದು.

ಈಗ ಎವರಿಸ್ತೊ ಮೂವಿಂಗ್ ಕಂಪನಿಗಳಿಗೆ ದಿನಗೂಲಿಯಾಗಿ ಸೋಫಾ ಹೊರುತ್ತಾನೆ, ಶಾಪಿಂಗ್ ಸೆಂಟರಿನ ಹಿಂದೆ ನಿಲ್ಲಿಸಿದ ವ್ಯಾನಿನಲ್ಲಿ ಮಲಗುತ್ತಾನೆ. ಒಫೀಲಿಯಾ ಅಣ್ಣನ ಜೊತೆ ಒಂದು ಗ್ಯಾರೇಜಿನಲ್ಲಿದ್ದು ತಮಾಲೆ ಮಾರುತ್ತಾಳೆ. ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಆವಿಯಲ್ಲಿ ಬೇಯಿಸುತ್ತಾರೆ, ನಮ್ಮ ಕಡುಬಿಗೆ ದೂರದ ನೆಂಟ. ಪ್ರತಿ ಭಾನುವಾರ ಎವರಿಸ್ತೊ ಬಂದು ಅವಳ ಡಬರಿ ಹೊರುತ್ತಾನೆ, ಸಂಜೆ ಇಳಿಸಿ ವ್ಯಾನಿಗೆ ಹೋಗುತ್ತಾನೆ. ಇದು ನಮ್ಮ ಹೆಂಗಸರ ಕಿವಿಗೆ ಬಿದ್ದದ್ದೇ ತಡ, ಕೂಟದ ಉಳಿದ ಕಾರ್ಯಕ್ರಮಗಳೆಲ್ಲ ಮೂಲೆಗೆ ಬಿದ್ದವು. ಪ್ರಣತಿ ಎಂಬ ನಮ್ಮ ಖಜಾಂಚಿ ಅಲ್ಲೇ ಲೆಕ್ಕ ಹಾಕಿದಳು: “ಆಂಟಿ, ಅವರಿಗೆ ಬರಬೇಕಾಗಿರೋದು ನಮ್ಮ ಕೆಟ್ಟುಹೋದ ಸೌಂಡ್ ಸಿಸ್ಟಮ್‌ನ ಬಾಡಿಗೆಗಿಂತ ಕಮ್ಮಿ! ನಾವೇ ಕಲೆಕ್ಟ್ ಮಾಡಿ ಕೊಟ್ಟುಬಿಡೋಣ, ಮದುವೆ ಮುಗಿಸೋಣ.” ಮರುವಾರವೇ ಕವರ್ ಹಿಡಿದು ಒಫೀಲಿಯಾಳ ಮುಂದೆ ನಿಂತೆವು.

ಅವಳು ಕವರನ್ನು ಮುಟ್ಟಲಿಲ್ಲ. ನಮ್ಮೆಲ್ಲರ ಕೈಗೆ ಒಂದೊಂದು ಬಿಸಿ ತಮಾಲೆ ಕೊಟ್ಟಳು. ಅಣ್ಣ ಅನುವಾದಿಸಿದ: “ನಾನು ದುಡ್ಡನ್ನ ಮದುವೆಯಾಗ್ತಿಲ್ಲ. ಅವನು ಕೆಲಸ ಮುಗಿಸಿ ಮನೆಗೆ ಬರೋದನ್ನ ಕಾಯ್ತಿದ್ದೀನಿ. ಅವರು ಕೊಡದೇ ಇದ್ರೆ ಅವನ ಕೆಲಸ ಇನ್ನೂ ಮುಗಿದಿಲ್ಲ.” ನಾವು ತಮಾಲೆ ತಿಂದು, ಕವರ್ ಪರ್ಸಿನಲ್ಲಿಟ್ಟುಕೊಂಡು ಬಂದೆವು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದವರಿಗೆ ಕಾನ್ಸುಲೇಟ್ ಗೊತ್ತಿರಲಿಲ್ಲ, ಇಲ್ಲದಿದ್ದರೆ ಮೂರನೆಯದನ್ನೂ ಸೇರಿಸುತ್ತಿದ್ದರು.

ಹೀಗೆ ನಾವು ನಿಮ್ಮ ಬಾಗಿಲಿಗೆ ಬಂದೆವು. ಎವರಿಸ್ತೊ ಸೈನ್ಯದಲ್ಲಿದ್ದ ಎನ್ನುವುದಕ್ಕೆ ಅವನ ಮೇಲಧಿಕಾರಿಯ ಪ್ರಮಾಣಪತ್ರ ಬೇಕೆಂದಿರಿ. ಮೇಲಧಿಕಾರಿ ಯುದ್ಧದಲ್ಲೇ ಸತ್ತುಹೋಗಿದ್ದಾನೆ, ದಾಖಲೆಗಳು ಸುಟ್ಟುಹೋಗಿವೆ ಎಂದು ನೀವೇ ಹೇಳಿದಿರಿ. ರುತಿಲಿಯೊನಿಗೆ ಗೆರಿಲ್ಲಾ ಆಗಿದ್ದ ಕಾಲದ ಸಂಬಳದ ಚೀಟಿ ತರಲು ಹೇಳಿದಿರಿ. ಕಾಡಿನಲ್ಲಿ ಅವಿತು ನಿಮ್ಮ ಸರ್ಕಾರದ ವಿರುದ್ಧ ಹೋರಾಡಿದವನ ಹತ್ತಿರ ಸಂಬಳದ ಚೀಟಿ! ಭವಿಷ್ಯ ನಿಧಿ, ಗಳಿಕೆ ರಜೆ ಇವನ್ನೂ ಕೇಳದೆ ಬಿಟ್ಟದ್ದು ನಿಮ್ಮ ದೊಡ್ಡತನ.

ಆಗ ರುತಿಲಿಯೊನಿಗೆ ಒಂದು ಉಪಾಯ ಹೊಳೆಯಿತು. ಎವರಿಸ್ತೊ ಸಿಪಾಯಿಯಾಗಿದ್ದ ಎನ್ನುವುದಕ್ಕೆ ಅವನ ಕಡೆಯವರೇ ಸಾಕ್ಷಿ ಹೇಳಬೇಕೇ? ಅವನ ಮೇಲೆ ಗುಂಡು ಹಾರಿಸಿದವನು ಹೇಳಿದರೆ ಆಗದೇ? ನೋಟರಿಯ ಮುಂದೆ ಬರೆದುಕೊಟ್ಟ: “ಇವನು ಸೇತುವೆಯ ಆ ತುದಿಯಲ್ಲಿದ್ದ, ನಾನು ಈ ತುದಿಯಲ್ಲಿದ್ದೆ. ಸಮವಸ್ತ್ರದಲ್ಲಿದ್ದ. ನಾನು ಇವನ ಮೇಲೆ ಗುಂಡು ಹಾರಿಸಿದೆ. ತಗುಲಲಿಲ್ಲ. ವಿಷಾದಿಸುತ್ತೇನೆ.” ನೋಟರಿ ಹುಡುಗಿ ಕನ್ನಡಕ ಸರಿಮಾಡಿಕೊಂಡು, ವಿಷಾದ ಹಾರಿಸಿದ್ದಕ್ಕೋ ತಗುಲದಿದ್ದಕ್ಕೋ ಎಂದು ಕೇಳಿದಳು. “ಅವನು ನನ್ನ ತಂಗಿಯನ್ನ ಹೇಗೆ ನೋಡ್ಕೋತಾನೆ ಅಂತ ನೋಡಿ ಆಮೇಲೆ ಹೇಳ್ತೀನಿ” ಎಂದ ರುತಿಲಿಯೊ. ಎವರಿಸ್ತೊ ಬಿಡುತ್ತಾನೆಯೇ? ಅವನೂ ಬರೆದುಕೊಟ್ಟ: “ಇವನು ರಾತ್ರಿಯಿಡೀ ಆಚೆ ದಂಡೆಯಿಂದ ನನ್ನ ಅಮ್ಮ, ಅಜ್ಜಿ, ಹಸು ಎಲ್ಲರನ್ನೂ ಬೈದ. ಆ ಗಂಟಲನ್ನು ನಾನು ಎಲ್ಲಿ ಕೇಳಿದರೂ ಗುರುತಿಸುತ್ತೇನೆ. ಇವನು ಗೆರಿಲ್ಲಾನೇ.” ನಮ್ಮ ಕಡೆಯ ಭಾವಮೈದುನರೂ ಒಬ್ಬರಿಗೊಬ್ಬರು ಇಷ್ಟು ಒಳ್ಳೆಯ ಸರ್ಟಿಫಿಕೇಟ್ ಕೊಟ್ಟದ್ದನ್ನು ನಾನು ನೋಡಿಲ್ಲ.

ಮಾನ್ಯರೇ, ಇದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರಕ್ಕೆ ನಾನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. “ಸಾಕ್ಷಿದಾರರು ಎದುರಾಳಿ ಪಕ್ಷದವರಾಗಿರುವುದರಿಂದ ಹಿತಾಸಕ್ತಿಯ ಸಂಘರ್ಷ ಕಂಡುಬರುತ್ತದೆ.” ಯುದ್ಧದಲ್ಲಿ ಹಿತಾಸಕ್ತಿಯ ಸಂಘರ್ಷ! ಹೌದು ಸ್ವಾಮಿ, ಅದನ್ನೇ ಯುದ್ಧ ಎನ್ನುತ್ತಾರೆ. ನಿಮ್ಮ ಕಡತದಲ್ಲಿ ಬೇರೆ ಯಾವ ಹೆಸರಿದೆ?

ಆಮೇಲಿನ ದಾರಿ ನಿಮಗೇ ಗೊತ್ತು. ಕಡತ ಸ್ಯಾನ್ ಡಿಯಾಗೋ ಶಾಖೆಯಲ್ಲಿದೆ ಎಂದಿರಿ. ಅಲ್ಲಿಗೆ ಹೋದರೆ ಲಾಸ್ ಏಂಜಲಿಸ್‌ಗೆ ಹೋಗಿದೆ ಎಂದರು. ಆ ಕಡತ ಫ್ರೀವೇ ಮೇಲೆ ನಮ್ಮ ಎದುರು ಲೇನಿನಲ್ಲಿ ಎಷ್ಟು ಸಲ ಹಾದುಹೋಯಿತೋ, ಕೈ ಬೀಸಿದ್ದರೆ ನಿಲ್ಲುತ್ತಿತ್ತೇನೋ. ಎರಡೂ ಕಡೆ ಕಿಟಕಿಯ ಹಿಂದಿನಿಂದ ಬಂದದ್ದು ಒಂದೇ ಪದ: ಮನ್ಯಾನಾ. ನಾಳೆ. ಈ ಪದವನ್ನು ಕೇಳಿ ಎವರಿಸ್ತೊ ತಲೆ ತಗ್ಗಿಸುತ್ತಿದ್ದ. ನನಗೆ ಮಾತ್ರ ಬೆಂಗಳೂರು ನೆನಪಾಗಿ ನಗು ತಡೆಯಲಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ನಮ್ಮ ಕಡೆ ಸಂಜೆಯಾದರೆ ದೆವ್ವವೊಂದು ಬಂದು ಬಾಗಿಲು ಬಡಿಯುತ್ತದೆ ಎಂದು ಪುಕಾರು ಹಬ್ಬಿತ್ತು. ಜನ ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದುತ್ತದೆ, ಹೋಗುತ್ತದೆ, ಮಾರನೆಯ ದಿನ ಬರುತ್ತದೆ, ಮತ್ತೆ ಓದುತ್ತದೆ. ನೀವು ಮೂವತ್ತು ವರ್ಷದಿಂದ ಮಾಡುತ್ತಿರುವುದೂ ಇದನ್ನೇ. ಒಂದೇ ವ್ಯತ್ಯಾಸ, ನಮ್ಮವರು ಅದನ್ನು ಬರೆದದ್ದು ಸತ್ತವರಿಗೆ. ಇವರು ಬದುಕಿದ್ದಾರೆ. ಬದುಕಿರುವವರನ್ನು ದೆವ್ವದಂತೆ ಬಾಗಿಲಿನಿಂದ ಅಟ್ಟುವಾಗ ನಿಮಗೆ ಒಂದು ದಿನವಾದರೂ ನಾಚಿಕೆಯಾಗಲಿಲ್ಲವೇ?

ಸ್ಯಾನ್ ಡಿಯಾಗೋದಲ್ಲಿ ನಮಗೆ ಜೊತೆಯಾದವರು ಅಪ್ಪಾಸಾಹೇಬರು. ಬೆಳಗಾವಿ ಕಡೆಯವರು, ಭಾರತದ ಸೈನ್ಯದಿಂದ ಸುಬೇದಾರರಾಗಿ ನಿವೃತ್ತರಾಗಿ ಈಗ ಮಗಳ ಮನೆಯಲ್ಲಿದ್ದಾರೆ. ವಿಷಯ ಕೇಳಿ ಮೀಸೆ ನಡುಗಿತು.

“ಅಲ್ರೀ ಅಕ್ಕಾರ, ಸಿಪಾಯಿ ಪಗಾರ ಅಂದ್ರ ಏನ್ ಚೇಷ್ಟಿ ಅಂತ ತಿಳ್ಕೊಂಡಾರೇನ್ ಇವ್ರು? ನಂದು ಪಿಂಚಣಿ ತಪ್ಪದ ಬರ್ತೈತಿ. ನಾ ಇಲ್ಲಿ ಸಮುದ್ರದ ದಂಡ್ಯಾಗ ಕುಂತು ಮಜ್ಜಗಿ ಕುಡೀತೀನಿ, ಅದು ಅಲ್ಲಿ ತಾನs ಬಂದು ಬೀಳ್ತೈತಿ. ನಡೀರಿ, ನಾನೂ ಬರ್ತೀನಿ. ಆ ಸಾಹೇಬ ಎಲ್ಲಿ ಅದಾನ?”

ನೀವು ಎಲ್ಲಿದ್ದಿರಿ ಎಂದರೆ ಡೆಲ್ ಮಾರ್‌ನಲ್ಲಿ, ಕಡಲು ಕಾಣುವ ಹೋಟೆಲಿನಲ್ಲಿ, ನಿಮ್ಮ ರಾಷ್ಟ್ರೀಯ ದಿನದ ಔತಣದಲ್ಲಿ. ಕಳೆದ ಸೆಪ್ಟೆಂಬರ್, ಒಂದು ಶನಿವಾರ. ಅಪ್ಪಾಸಾಹೇಬರು ಪಾರ್ಕಿಂಗ್ ಲಾಟಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸಿದರು. ಸೈನ್ಯದವರ ಹೆಜ್ಜೆ ತಕ್ಷಣ ಕೂಡಿತು. ಗೆರಿಲ್ಲಾಗಳ ಹೆಜ್ಜೆ ಏನು ಮಾಡಿದರೂ ಕೂಡಲಿಲ್ಲ, ಅವರು ಜೀವಮಾನದಲ್ಲಿ ಸಾಲಾಗಿ ನಡೆದವರಲ್ಲ, ಅವಿತು ನಡೆದವರು. ಕೊನೆಗೆ ಎವರಿಸ್ತೊ ರುತಿಲಿಯೊನ ತೋಳು ಹಿಡಿದು ಎಡ ಬಲ ಹೇಳಿಕೊಟ್ಟ. ಮುಂದೆ ನಮ್ಮ ‘ಕನ್ನಡ’ ಬ್ಯಾನರ್, ಹಿಂದೆ ಹಳದಿ ಕೆಂಪು ಶಲ್ಯ ಹೊದ್ದ ನಾವು. ಹೋಟೆಲಿನ ಬಾಗಿಲಲ್ಲಿದ್ದ ಹುಡುಗ ಬ್ಯಾನರ್ ನೋಡಿ, ಪಟ್ಟಿ ನೋಡಿ, “ಓ, ಕೆನಡಾ?” ಎಂದ. ಜೀವನದಲ್ಲಿ ಸುಳ್ಳು ಹೇಳದ ಕೃಷ್ಣಸ್ವಾಮಿ ಆಗಲೂ ಹೇಳಲಿಲ್ಲ. “ನಮ್ಮ ಕಡೆ ಸ್ಪೆಲ್ಲಿಂಗ್ ಹೀಗೇ” ಎಂದರು, ಅಷ್ಟೆ. ನಮ್ಮನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ನೀವು ವೇದಿಕೆಯ ಮೇಲಿಂದ ಹಿಮದ ನಾಡಿನ ಮಿತ್ರರನ್ನು ಸ್ವಾಗತಿಸಿದಿರಿ. ಗೋಕಾಕಿನ ಬಿಸಿಲಲ್ಲಿ ಬೆಳೆದ ಅಪ್ಪಾಸಾಹೇಬರು ಎದ್ದು ಸೆಲ್ಯೂಟ್ ಹೊಡೆದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನಿಲ್ಲುವ ಮೊದಲೇ ರುತಿಲಿಯೊ ಮುಷ್ಟಿ ಎತ್ತಿದ: “ಅಕಾ, ನಾದಾ!” ಅವನ ಹಿಂದೆ ಎರಡೂ ಸೈನ್ಯಗಳು, ಅವುಗಳ ಹಿಂದೆ ಕನ್ನಡ ಕೂಟ. ನಾವು ‘ಕನ್ನಡ’ ಎಂದು ಕೂಗಿದೆವು, ಅವರು ‘ಅಕಾ ನಾದಾ’ ಎಂದು ಕೂಗಿದರು, ಕಿವಿಗೆ ಎರಡೂ ಒಂದೇ. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಹೇಳಿ ಮುಗಿಸಲಾರೆ. ಎಪ್ಪತ್ತು ದಾಟಿದ ಮೇಲೆ ಮೊದಲ ಸಲ ಘೋಷಣೆ ಕೂಗಿದ್ದೆ, ಮಂಡಿ ನೋವು ಮರೆತೇಹೋಗಿತ್ತು.

ನಿಮ್ಮ ಮುಖ ಕೆಂಪಾಯಿತು, ಬೆವರಿಳಿಯಿತು. ವೈದ್ಯೆಗೆ ಅಂಥದ್ದನ್ನು ನೋಡಿ ಸುಮ್ಮನಿರಲಾಗುವುದಿಲ್ಲ. ವೇದಿಕೆ ಹತ್ತಿ, ನಿಮ್ಮ ನಾಡಿ ಹಿಡಿದು, ನನ್ನ ಮೂರನೆಯ ವಾಕ್ಯ ಹೇಳಿದೆ: “ಆಳವಾಗಿ ಉಸಿರೆಳೆದುಕೊಳ್ಳಿ.” ಎಳೆದುಕೊಂಡಿರಿ. ನಾಲ್ಕನೆಯದು: “ಹತ್ತರಿಂದ ಹಿಂದಕ್ಕೆ ಎಣಿಸಿ.” ಮಗುವಿನಂತೆ ಎಣಿಸಿದಿರಿ. ಏಳಕ್ಕೆ ಬಂದಾಗ ನೀವು ಯಾರೆಂಬುದು ನಿಮಗೆ ನೆನಪಾಯಿತು. ನನ್ನ ರೋಗಿಗಳು ಸಾಮಾನ್ಯವಾಗಿ ಏಳರ ಹೊತ್ತಿಗೆ ಅದನ್ನು ಮರೆಯುತ್ತಾರೆ. ಕೂಡಲೇ ಕ್ಯಾಮೆರಾಗಳ ಕಡೆ ತಿರುಗಿ, ಎವರಿಸ್ತೊನ ಹೆಗಲ ಮೇಲೆ ಕೈಯಿಟ್ಟು, ಈ ಸಹೋದರನ ಹಕ್ಕು ಪವಿತ್ರವಾದದ್ದು, ನಾಳೆಯೇ ಕಚೇರಿಗೆ ಬರಲಿ ಎಂದಿರಿ. ನಾಳೆ ಭಾನುವಾರ. ಸೋಮವಾರ ಬಂದರೆ, ಔತಣದಲ್ಲಿ ಆಡಿದ ಮಾತು ಅಧಿಕೃತವಲ್ಲ ಎಂದು ನಿಮ್ಮ ಕಾರ್ಯದರ್ಶಿ ಹೇಳಿದರು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ. ಹದಿನೇಳರ ಪ್ರಾಯವನ್ನು ಕೊಟ್ಟವನು ಕೋಡಂಗಿಯಂತೆ ಹೊರಗೆ ನಿಂತಿದ್ದ.

ಆದರೆ ನಾನು ಹೇಳಲೇಬೇಕಾದದ್ದು ಶನಿವಾರ ರಾತ್ರಿ ಡೆಲ್ ಮಾರ್‌ನಿಂದ ಹಿಂದಿರುಗುವಾಗ ವ್ಯಾನಿನಲ್ಲಿ ನಡೆದದ್ದು. ನಾವೆಲ್ಲ ನಕ್ಕು ನಕ್ಕು ಸುಸ್ತಾಗಿದ್ದೆವು. ಕೃಷ್ಣಸ್ವಾಮಿ ‘ಹಿಮದ ನಾಡಿನ ಮಿತ್ರರು’ ಎಂದಾಗಲೆಲ್ಲ ಮತ್ತೆ ಹೊಸದಾಗಿ ನಗು. ಎವರಿಸ್ತೊ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಏನೋ ಹೇಳಿದ. ರುತಿಲಿಯೊ ಅನುವಾದಿಸಿದ: “ಇದು ಕೆಲಸ ಅಂತ ಹೇಳಿ ಅವರು ನನ್ನ ಕೈಗೆ ಬಂದೂಕು ಕೊಟ್ರು. ಆ ಬಂದೂಕಿನಲ್ಲಿ ನಾನು ಏನೇನು ಮಾಡಿದೆ ಅಂತ ನನಗೆ ಗೊತ್ತು. ಅದು ಕೆಲಸ ಆಗಿದ್ರೆ ಸಂಬಳ ಕೊಡಲಿ. ಕೆಲಸ ಅಲ್ಲ ಅಂದ್ರೆ, ನಾನು ಮಾಡಿದ್ದಕ್ಕೆ ಹೆಸರೇನು? ಆ ಹೆಸರು ಇಟ್ಕೊಂಡು ಒಫೀಲಿಯಾ ಹತ್ರ ಹೇಗೆ ಹೋಗಲಿ?” ಸೇತುವೆಯ ಈ ತುದಿಯಲ್ಲಿ ನಿಂತು ಅವನ ಮೇಲೆ ಗುಂಡು ಹಾರಿಸಿದ್ದವನು ಇಷ್ಟನ್ನು ಅನುವಾದಿಸಿ, ಅವನ ಮಂಡಿಯ ಮೇಲೆ ಕೈಯಿಟ್ಟುಕೊಂಡು ಕುಳಿತ. ನಾನು ಅತ್ತೆ. ನಿಮ್ಮ ಮೇಲೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಷ್ಟೆಲ್ಲ ನಗುತ್ತಾ ಬರೆಯುತ್ತಿರುವುದು ಆ ಸಿಟ್ಟಿನಿಂದಲೇ.

ಅಂದಿನಿಂದ ನನಗೆ ಅರ್ಥವಾಗಿದೆ, ಒಫೀಲಿಯಾ ಕವರ್ ಏಕೆ ಮುಟ್ಟಲಿಲ್ಲವೆಂದು. ನಮ್ಮ ದುಡ್ಡಿನಿಂದ ಅವನ ಹೊಟ್ಟೆ ತುಂಬಬಹುದು, ಹೆಸರು ತೊಳೆಯುವುದಿಲ್ಲ. ಅವನ ಕೈಗೆ ಬಂದೂಕು ಕೊಟ್ಟವರೇ “ಇದನ್ನು ನಾವು ಮಾಡಿಸಿದೆವು, ಇದರ ಹೊರೆ ನಮ್ಮದು” ಎಂದು ಒಪ್ಪಿಕೊಳ್ಳಬೇಕು. ಹಾಗೆ ಒಪ್ಪಿಕೊಳ್ಳಬೇಕಾಗುತ್ತದೆಂದೇ ಇಷ್ಟು ವರ್ಷ ಇಷ್ಟು ಸಣ್ಣ ಮೊತ್ತವನ್ನು ಕೊಡದೆ ಸತಾಯಿಸುತ್ತಿದ್ದೀರೇ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುತ್ತಾರೆ. ನಿಮ್ಮಲ್ಲಿ ದೇವರೂ ಪೂಜಾರಿಯೂ ಸೇರಿಯೇ ಬಾಗಿಲು ಹಾಕಿಕೊಂಡಿದ್ದೀರಿ.

ಆದ್ದರಿಂದ ನಮ್ಮ ಬೇಡಿಕೆ ಹೀಗಿದೆ. ಮದುವೆಯ ದಿನ ಗೊತ್ತಾಗಿದೆ. ಬರುವ ನವೆಂಬರ್‌ನ ಎರಡನೆಯ ಶನಿವಾರ ಬೆಳಿಗ್ಗೆ, ವೆಸ್ಟ್ ಕೊವಿನಾದ ಅದೇ ಪಾರ್ಕು, ಅದೇ ಚಪ್ಪರ. ಈ ಸಲ ಒಂದೇ ಬುಕಿಂಗ್, ಕೃಷ್ಣಸ್ವಾಮಿ ನಾಲ್ಕು ಸಲ ವಿಚಾರಿಸಿದ್ದಾರೆ. ದಿನ ಇಟ್ಟವಳು ಒಫೀಲಿಯಾಳೇ. “ಅವನು ಸಂಬಳ ತಂದರೆ ಮದುವೆ, ತರದಿದ್ದರೆ ಬರೀ ಊಟ” ಎಂದಿದ್ದಾಳೆ. ಚೆಕ್ಕನ್ನು ಅಂಚೆಯಲ್ಲಿ ಹಾಕಬೇಡಿ, ಬ್ಯಾಂಕಿಗೆ ಕಳಿಸಬೇಡಿ. ನೀವೇ ಬರಬೇಕು. ಎವರಿಸ್ತೊನ ಸಂಬಳ, ರುತಿಲಿಯೊನ ಭತ್ಯೆ, ಚಪ್ಪರದಲ್ಲಿರುವ ಉಳಿದವರದ್ದು, ಎಲ್ಲವನ್ನೂ ಕೈಯಾರೆ ಕೊಡಬೇಕು. “ಇದು ನೀವು ಮಾಡಿದ ಕೆಲಸಕ್ಕೆ” ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಬೇಕು.

ನಮ್ಮ ಮದುವೆಗಳಲ್ಲಿ ಅಂತರಪಟ ಎಂದು ಒಂದಿದೆ. ಮುಹೂರ್ತ ಬರುವವರೆಗೆ ಗಂಡು ಹೆಣ್ಣು ಒಬ್ಬರ ಮುಖ ಒಬ್ಬರು ನೋಡದಂತೆ ನಡುವೆ ಒಂದು ಬಟ್ಟೆ ಹಿಡಿದಿರುತ್ತಾರೆ. ಹಿಡಿಯುವವರು ಸೋದರಮಾವನೋ ಪುರೋಹಿತರೋ ಆಗಿರುತ್ತಾರೆ. ಗಟ್ಟಿಮೇಳ ಮೊಳಗಿದ ತಕ್ಷಣ ಬಟ್ಟೆ ಸರಿಯುತ್ತದೆ, ಎಲ್ಲರೂ ಅಕ್ಷತೆ ಹಾಕುತ್ತಾರೆ. ಈ ಮದುವೆಗೆ ನಮ್ಮ ಹೆಂಗಸರು ಅಂತರಪಟಕ್ಕೂ ಏರ್ಪಾಡು ಮಾಡಲು ಹೊರಟಿದ್ದರು. ನಾನೇ ಬೇಡವೆಂದೆ. ಮೂವತ್ತು ವರ್ಷದಿಂದ ನೀವು ಹಿಡಿದುಕೊಂಡೇ ನಿಂತಿದ್ದೀರಲ್ಲ. ಕೈ ನೋಯುತ್ತಿರಬೇಕು. ಇಳಿಸಿ.

ಇದರ ಜೊತೆಗೆ ಆಹ್ವಾನ ಪತ್ರಿಕೆ ಇಟ್ಟಿದ್ದೇನೆ. ಕೃಷ್ಣಸ್ವಾಮಿ ನಮ್ಮ ಮಗಳ ಮದುವೆಯ ಪತ್ರಿಕೆಯನ್ನೇ ತಿದ್ದಿ ಅಚ್ಚು ಹಾಕಿಸಿದ್ದರಿಂದ ಮೇಲೆ ಗಣಪತಿ ಇದ್ದಾನೆ. ಒಫೀಲಿಯಾಳಿಗೆ ಅವನ ಹೊಟ್ಟೆ ಬಹಳ ಹಿಡಿಸಿದೆ. ಕೆಳಗೆ ಎಲ್ಲ ಪತ್ರಿಕೆಗಳಲ್ಲಿಯೂ ಇರುವಂತೆ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚಾಗಿದೆ. ನಿಮಗೆ ಕಳಿಸಿರುವ ಪ್ರತಿಯಲ್ಲಿ ಆ ಸಾಲನ್ನು ನನ್ನ ಕೈಯಾರೆ ಹೊಡೆದುಹಾಕಿದ್ದೇನೆ.

ಇಂತಿ,
ಮಲಗಿಸಿದವರನ್ನೆಲ್ಲ ಎಬ್ಬಿಸಿ ಮನೆಗೆ ಕಳಿಸಿದ, ನಿಮ್ಮದೊಂದು ಕಚೇರಿಯನ್ನು ಮಾತ್ರ ಇನ್ನೂ ಎಬ್ಬಿಸಲಾಗದ,
ಭಾನುಮತಿ ಕೃಷ್ಣಸ್ವಾಮಿ
(ಹೆಣ್ಣಿನ ಕಡೆಯವಳು)
ಡೈಮಂಡ್ ಬಾರ್